ಬುಡವಿಲ್ಲದ ಅಣಬೆ

“ಇದು ತಿನ್ನೋದೋ, ಅಲ್ವೋ? ಬೇಗ ಹೇಳು.” ಅಪ್ಪನ ಅಂಗೈಯಲ್ಲಿ ಒಂದೇ ಒಂದು ಅಣಬೆ ಇತ್ತು.

ಮಗಳು ಅದನ್ನು ಕೈಗೆತ್ತಿಕೊಂಡಳು. ಅಯ್ಯೋ, ಮತ್ತೆ ಪರೀಕ್ಷೆ! ಈಗಾಗಲೇ ಎರಡು ಸಲ ಡುಮ್ಕಿ ಹೊಡೆದಿದ್ದಳು. ಈ ಸಲ ಗೆದ್ದರೆ ಒಬ್ಬಳೇ ಕಾಡಿಗೆ ಬಂದು ಅಣಬೆ ಕಿತ್ತು ಮಾರಬಹುದು. ಸೋತರೆ ಇನ್ನೂ ಒಂದು ವರ್ಷ ಅಪ್ಪನ ಹಿಂದೆ ಬುಟ್ಟಿ ಹೊರುವುದೇ ಗತಿ.

ಅಣಬೆಯ ಟೊಪ್ಪಿ ತಿರುಗಿಸಿದಳು. ಅಡಿಯ ಪದರಗಳು ಬಿಳಿ. ದಂಟಿಗೆ ತೆಳ್ಳನೆಯ ಬಳೆ. ಮೂಸಿದಳು. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಇಷ್ಟೆಲ್ಲ ಒಂದೇ. ವ್ಯತ್ಯಾಸ ತಿಳಿಯುವುದು ಬುಡದಲ್ಲಿ. ಆ ಬುಡವೇ ಇಲ್ಲ!

“ಚಾಕುವಲ್ಲಿ ಕೊಯ್ದಿದ್ದೀಯಲ್ಲಪ್ಪಾ! ಬುಡ ಸಮೇತ ಕೀಳಬೇಕು ಅಂತ ನನ್ನ ತಲೆ ತಿಂದೋನು ನೀನೇ ಅಲ್ವಾ?”

“ಬುಡ ಮಣ್ಣಲ್ಲೇ ಇದೆ. ಇಲ್ಲೇ, ನನ್ನ ಕಾಲ ಹತ್ರ. ಅಗೆದು ನೋಡು.”

ಓಹೋ, ಬೇಕೆಂದೇ ಕೊಯ್ದು ಬಲೆ ಬೀಸಿದ್ದಾನೆ ಕಿಲಾಡಿ ಮುದುಕ, ಅಂದುಕೊಂಡಳು. ಆದರೂ ಏನೋ ಸರಿಯಿರಲಿಲ್ಲ. ಒಂದೊಂದು ಪ್ರಶ್ನೆಗೂ ಗಂಟೆಗಟ್ಟಲೆ ಕೊರೆದು, ಕಾಲೆಳೆದು ನಗುವವನು ಇಂದು ಸುಮ್ಮನೆ ಒದ್ದೆ ದಿಮ್ಮಿಯ ಮೇಲೆ ಕೂತುಬಿಟ್ಟಿದ್ದ. ಬರುವಾಗ, ನಲವತ್ತು ವರ್ಷ ನಡೆದ ದಾರಿಯಲ್ಲೇ ಎರಡು ಸಲ ಎಡವಿದ್ದ. “ಕಣ್ಣು ತೋರಿಸ್ಕೋ ಅಂದ್ರೆ ಕೇಳಲ್ಲ,” ಎಂದು ಅವಳು ಬೈದದ್ದಕ್ಕೆ ತಿರುಗಿ ರೇಗಲೂ ಇಲ್ಲ.

ಮಂಡಿಯೂರಿ ಕೊಳೆತ ಎಲೆಗಳನ್ನು ಸರಿಸಿದಳು. ಬೆರಳಿಂದ ಮೆಲ್ಲಗೆ ಮಣ್ಣು ಕೆದಕಿದಳು. ಕತ್ತರಿಸಿದ ದಂಟಿನ ಸುತ್ತ, ಒಡೆದ ಮೊಟ್ಟೆಯ ಚಿಪ್ಪಿನ ಹಾಗೆ, ಬಿಳಿ ಚೀಲ ಕಾಣಿಸಿತು. ಕುಣಿದಾಡುವಷ್ಟು ಖುಷಿಯಾಯಿತು.

“ವಿಷ! ಪಕ್ಕಾ ವಿಷ! ತಿಂದೋರು ಅರ್ಧ ದಿನ ಚೆನ್ನಾಗೇ ಇರ್ತಾರೆ, ಆಮೇಲೆ ಹೊಟ್ಟೆ ಹಿಡ್ಕೊಂಡು ಬೀಳ್ತಾರೆ. ನೀನೇ ಹೇಳಿಕೊಟ್ಟಿದ್ದು.”

“ಚೂರೂ ಅನುಮಾನ ಇಲ್ವಾ?”

“ಇಲ್ಲ. ನೀನು ಎಷ್ಟು ಸಲ ಕೇಳಿದ್ರೂ ಇಲ್ಲ.”

“ಭೇಷ್. ಪಾಸಾದೆ, ಮಗಳೇ.” ಈ ಒಂದು ಮಾತಿಗಾಗಿ ಎರಡು ವರ್ಷ ಕಾದಿದ್ದವಳಿಗೆ ಅಳುವೇ ಬಂತು.

ಅಪ್ಪ ದಿಮ್ಮಿ ಹಿಡಿದು ಎದ್ದ.

“ಆ ಬುಡಾನೂ ಕಿತ್ತು ತಗೋ, ಡಾಕ್ಟರಿಗೆ ತೋರಿಸ್ಬೇಕು. ಮೊದಲೇ ಹೇಳಿದ್ರೆ ನಿನ್ನ ಕೈ ನಡುಗ್ತಿತ್ತು. ನಿನ್ನೆ ಇಲ್ಲೇ ಕೊಯ್ದ ಇಂಥವೇ ನಾಲ್ಕು, ಬೆಳಿಗ್ಗೆ ಹುರಿದು ತಿಂದುಬಿಟ್ಟೆ.”