ಅರೆಹೊಟ್ಟೆಯ ಚಿಪ್

ಅಂತರಿಕ್ಷಕ್ಕೆ ಹೋಗುವ ಚಿಪ್‌ಗಳನ್ನು ಮನೆಗಳಲ್ಲೇ ಸಾಕಿ ಬೆಳೆಸುತ್ತಿದ್ದರು. ಚೂರು ಕರೆಂಟಿನಲ್ಲಿ ಬದುಕುವುದನ್ನೂ ವಿಕಿರಣದ ಏಟು ತಿಂದು ಮತ್ತೆ ಏಳುವುದನ್ನೂ ಅವು ರೂಢಿಯಿಂದಲೇ ಕಲಿಯಬೇಕಿತ್ತು.

ಆ ಮನೆಯಲ್ಲಿ ಎರಡು ಚಿಪ್‌ಗಳಿದ್ದವು. ಒಂದು ಕಸ್ತೂರಿಯದು, ಇನ್ನೊಂದು ಅವಳ ಹಿರಿಯ ಓರಗಿತ್ತಿ ದಾಕ್ಷಾಯಣಿಯದು. ದಾಕ್ಷಾಯಣಿಯದು ಒಗಟು ಬಿಡಿಸುತ್ತಿತ್ತು. ಓಣಿಯ ಹೆಂಗಸರು ಅದನ್ನು ಕೇಳಲೆಂದೇ ಬರುತ್ತಿದ್ದರು. ಕಸ್ತೂರಿಯದರತ್ತ ಯಾರೂ ತಿರುಗಿ ನೋಡುತ್ತಿರಲಿಲ್ಲ. ಹೊಟ್ಟೆಕಿಚ್ಚು ತಾಳದೆ ಅವಳು, ಓರಗಿತ್ತಿ ನೀರಿಗೆ ಹೋದಾಗಲೆಲ್ಲ ಅವಳ ಚಿಪ್‌ಗೆ ಕದ್ದು ಹೆಚ್ಚು ಕರೆಂಟು ಉಣಿಸಿದಳು. ಹೊಟ್ಟೆಬಾಕ ಚಿಪ್ ಪರೀಕ್ಷೆಯಲ್ಲಿ ಬೀಳುತ್ತದೆಂದು ಅವಳಿಗೆ ಗೊತ್ತಿತ್ತು. ಇದೇ ಧ್ಯಾನದಲ್ಲಿ ತನ್ನದಕ್ಕೆ ಉಣಿಸುವುದು ಮರೆತುಹೋಯಿತು. ರೂಢಿಗೆಂದು ವಿಕಿರಣದ ಪೆಟ್ಟಿಗೆಯೊಳಗೆ ಇಟ್ಟದ್ದನ್ನು ಹೊರಗೆ ತೆಗೆಯುವುದೂ ಎಷ್ಟೋ ಸಲ ಮರೆತುಹೋಯಿತು.

ಪರೀಕ್ಷೆಯ ದಿನ ಅಂತರಿಕ್ಷ ಕೇಂದ್ರದ ಮೇಡಂ ಬಂದು ಎರಡೂ ಚಿಪ್‌ಗಳ ಕರೆಂಟು ಇಳಿಸಿದರು. ದಾಕ್ಷಾಯಣಿಯದು ಅರ್ಧ ಒಗಟಿಗೇ ಸೋತು ಮಲಗಿತು. ಕಸ್ತೂರಿಯದು ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರ ಕೊಟ್ಟಿತು.

"ಇಂಥಾ ಗಟ್ಟಿ ಚಿಪ್ ನಾ ನೋಡೇ ಇಲ್ಲ. ಹ್ಯಾಂಗ ಬೆಳೆಸಿದ್ರಿ?" ಎಂದು ಮೇಡಂ ಕಸ್ತೂರಿಯನ್ನು ಕೇಳಿದರು.

ಅವಳು ತಲೆ ತಗ್ಗಿಸಿದಳು. ದಾಕ್ಷಾಯಣಿಯೇ ಹೇಳಿದಳು: "ಆಕಿ ಎದಿ ಗಟ್ಟಿ ಮಾಡ್ಕೊಂಡು ಬೆಳೆಸ್ಯಾಳ್ರಿ. ನಾ ಮುದ್ದು ಮಾಡಿ ಕೆಡಿಸಿದ್ನಿ."

ಹೊರಡುವ ಮುನ್ನ ಚಿಪ್ ತನ್ನನ್ನು ಸಾಕಿದವಳಿಗೆ ಹೇಳಿ ಹೋಗುವುದು ರೂಢಿ. "ಅವ್ವಗ ಹೋಗಿಬರ್ತೀನಿ ಅನ್ನಪಾ," ಎಂದರು ಮೇಡಂ.

"ಅವ್ವ ಅಂದ್ರ ಯಾರ್ರಿ?" ಎಂದು ಕೇಳಿತು ಕಸ್ತೂರಿಯ ಚಿಪ್.

ಮೇಡಂ ನಕ್ಕು ಡಬ್ಬಿಯ ಮುಚ್ಚಳ ಹಾಕಿದರು. ಅತ್ತ ದಾಕ್ಷಾಯಣಿ ಸೋತ ಚಿಪ್ ಅನ್ನು ಮಡಿಲಲ್ಲಿಟ್ಟುಕೊಂಡು ಕರೆಂಟು ಉಣಿಸುತ್ತಿದ್ದಳು. ಅದು ಎಚ್ಚರಗೊಂಡು, "ಅವ್ವಾ, ಇನ್ನೊಂದೀಟು," ಎಂದಿತು. ಗೆದ್ದ ಕಸ್ತೂರಿ ಆ ಮಡಿಲನ್ನೇ ದುರುಗುಟ್ಟಿ ನೋಡುತ್ತ ನಿಂತಳು.