ಹನಿಯಲು ಬಿಟ್ಟ ನಲ್ಲಿ

ಇಂಚರಾ, ಪ್ರಣವ್, ಈಗಲೂ ನಲ್ಲಿ ತೊಟ್ಟಿಕ್ಕುವ ಸದ್ದು ಕೇಳಿದರೆ ನನಗೆ ಲಿಟಲ್ ಎಲ್ಮ್ ಊರಿನ ನಿಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ. ಆಗ ಇಂಚರಾಳಿಗೆ ಏಳು ವರ್ಷ, ಪ್ರಣವ್ ಇನ್ನೂ ತೊಟ್ಟಿಲಲ್ಲಿದ್ದ.

ಹಿಂದಿನ ದಿನದಿಂದ ನೀರು ಹೆಪ್ಪುಗಟ್ಟುವಷ್ಟು ಚಳಿಯಿತ್ತು. ನಿಮ್ಮ ಅಪ್ಪ ಹೊರಗಿನ ನಲ್ಲಿಗೆ ತಾತನ ಹಳೆಯ ಶಾಲು ಸುತ್ತಿ, ಅಡುಗೆಮನೆಯ ನಲ್ಲಿಯನ್ನು ಸಣ್ಣಗೆ ಹನಿಯಲು ಬಿಟ್ಟು, ಮಹಡಿಯಲ್ಲಿ ಕೆಲಸಕ್ಕೆ ಕೂತಿದ್ದ. ನೀರು ಹರಿಯುತ್ತಿದ್ದರೆ ಪೈಪ್ ಹೆಪ್ಪುಗಟ್ಟುವುದಿಲ್ಲವೆಂದು ನನಗೆ ತಿಳಿದಿರಲಿಲ್ಲ. ಚಿಕ್ಕವಳಿದ್ದಾಗ ಬಾವಿಯಿಂದ ತರುವ ಕೊಡ ತುಳುಕಿದರೆ ನನ್ನ ಅಮ್ಮ, "ನೀರು ಚೆಲ್ಲೋ ಮನೇಲಿ ಏನೂ ನಿಲ್ಲಲ್ಲ ಕಣೆ" ಅನ್ನುತ್ತಿದ್ದಳು. ಆ ಸದ್ದು ತಡೆಯಲಾರದೆ ನಲ್ಲಿಯನ್ನು ಬಿಗಿಯಾಗಿ ನಿಲ್ಲಿಸಿಬಿಟ್ಟೆ.

ಊಟದ ಹೊತ್ತಿಗೆ ನೀರೇ ಬರಲಿಲ್ಲ. ನಿಮ್ಮ ಅಪ್ಪ ಸಿಂಕಿನ ಕೆಳಗೆ ಕೂತು ಹೇರ್ ಡ್ರೈಯರ್‌ನಿಂದ ಪೈಪ್ ಬಿಸಿ ಮಾಡುತ್ತಾ, "ಇಂಚರಾ, ಆಟ ಆಡೋಕೆ ನಲ್ಲೀನೇ ಸಿಕ್ತಾ ನಿಂಗೆ? ಪೈಪ್ ಒಡೆದ್ರೆ ಮನೆಯೆಲ್ಲಾ ನೀರು" ಎಂದ.

"ಐ ಡಿಡ್ ನಾಟ್ ಟಚ್ ಇಟ್, ಅಪ್ಪಾ."

"ಸುಳ್ಳು ಬೇರೆ. ನೀನಲ್ದೆ ಇನ್ಯಾರು, ಅಜ್ಜೀನಾ?"

ನಾನು ಒಲೆಯ ಕಡೆ ತಿರುಗಿ ಸಾರು ತಿರುವುತ್ತಾ ನಿಂತೆ.

ಪೈಪ್ ಒಡೆಯಲಿಲ್ಲ. ಅರ್ಧ ಗಂಟೆಯ ಮೇಲೆ ನಲ್ಲಿಯಲ್ಲಿ ಮೊದಲು ಗಾಳಿ, ಆಮೇಲೆ ನೀರು ಬಂತು. ಅವತ್ತು ಇಂಚರಾಳಿಗೆ ಟೀವಿ ಇಲ್ಲ ಅಂತಾಯಿತು. ನಾನು ಅವಳ ಅನ್ನಕ್ಕೆ ಇನ್ನೆರಡು ಚಮಚ ತುಪ್ಪ ಹಾಕಿದೆ.

ನಿಮಗೆ ಕನ್ನಡ ಓದಲು ಬಾರದು. ಇದನ್ನು ನಿಮ್ಮ ಅಪ್ಪನ ಕೈಯಲ್ಲೇ ಜೋರಾಗಿ ಓದಿಸಿ. ಆಮೇಲೆ ಈ ಹಾಳೆಗಳನ್ನು ಜೋಪಾನವಾಗಿ ಎತ್ತಿಡಿ.