ಕೈಗೆ ಸಿಕ್ಕ ಗುಡ್ಡ

ಅಂಬರೀಶ್ ಮರದ ಬಿಲ್ಲೆಯನ್ನು ಹೆಬ್ಬೆರಳಿನಿಂದ ಎರಡು ಮೂರು ಸಲ ಸವರಿದ. ಮೂಗಿನ ಹತ್ತಿರ ಹಿಡಿದ. ಆಮೇಲೆ ಮೆಲ್ಲಗೆ ಕೌಂಟರಿನ ಮೇಲೆ ಇಟ್ಟುಬಿಟ್ಟ.

"ಸುಟ್ಟ ವಾಸನೆ ಬತ್ತೈತೆ ಅಕ್ಕ. ಗುಡ್ಡ ಎಲ್ಲೈತೆ?"

ಕಲಾಳ ಮುಖ ಸಪ್ಪಗಾಯಿತು. ಆಂಡರ್ಸನ್‌ಪೇಟೆಯ ಪುಟ್ಟ ಅಂಗಡಿಯಲ್ಲಿ ಲೇಸರ್ ಯಂತ್ರ ಇಟ್ಟುಕೊಂಡು ಮರದ ಮೇಲೆ ಹೆಸರು, ದೇವರು, ಮದುಮಕ್ಕಳ ಫೋಟೊ ಮೂಡಿಸಿಕೊಡುವವಳು ಅವಳು. ಈ ಒಂದು ಕೀಚೈನ್‌ಗಾಗಿ ಸ್ಕೂಟರಿನಲ್ಲಿ ಹೋಗಿ ಸೈನೈಡ್ ಗುಡ್ಡದ ಫೋಟೊ ತೆಗೆದು ತಂದಿದ್ದಳು. ಮಳೆನೀರು ಕೊರೆದ ಗೆರೆಗಳು ಕೂಡ ಒಂದೂ ಬಿಡದೆ ಬಿಲ್ಲೆಯ ಮೇಲೆ ಮೂಡಿದ್ದವು. ನೋಡಿದವರು ಭಲೇ ಅನ್ನುವಂಥ ಕೆಲಸ. ಆದರೆ ಅಂಬರೀಶನಿಗೆ ಹುಟ್ಟಿನಿಂದಲೇ ಕಣ್ಣಿಲ್ಲ.

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ಅವನು ಬಾಚಣಿಗೆ, ಕೀಚೈನ್ ಮಾರುತ್ತಾನೆ. ಮನೆ ಉರಿಗಾಂನಲ್ಲಿ, ಚಿನ್ನ ತೆಗೆದು ಉಳಿದ ಗಣಿಮಣ್ಣನ್ನು ಸುರಿದೂ ಸುರಿದೂ ಬೆಳೆದ ಆ ಗುಡ್ಡದ ಬುಡದಲ್ಲೇ. ಗಾಳಿ ಎದ್ದರೆ ಅದರ ಧೂಳು ಊಟದ ತಟ್ಟೆಗೆ ಬೀಳುತ್ತದೆ. ಚಿಕ್ಕವನಿದ್ದಾಗ ಅರ್ಧದವರೆಗೆ ಹತ್ತಿ ಜಾರಿದ್ದೂ ಉಂಟು. ಆದರೂ ಅದು ಹೇಗಿದೆ ಎಂದು ಅವನಿಗೆ ಗೊತ್ತಿಲ್ಲ. ಕೈಗೆ ಸಿಗದಷ್ಟು ದೊಡ್ಡದು. ಹೋದ ವಾರ ಮಗಳು ಲಿಖಿತ ಸ್ಕೂಲಿನಲ್ಲಿ ಗುಡ್ಡದ ಚಿತ್ರ ಬರೆದು ತಂದು ಅವನ ಕೈಗೆ ಕೊಟ್ಟಳಂತೆ. ಬಲು ಚೆನ್ನಾಗಿದೆ ಅಂದನಂತೆ. ಹಾಳೆ ಹಿಂದುಮುಂದಾಗಿ ಹಿಡಿದಿದ್ದೀಯಪ್ಪ ಎಂದು ಮಗು ನಕ್ಕಿತಂತೆ. ಇದನ್ನು ಹೇಳುವಾಗ ಅವನೂ ನಕ್ಕಿದ್ದ. ಒಂದು ಸಲವಾದರೂ ಅವಳ ಜೊತೆ ಆ ಗುಡ್ಡದ ಮಾತು ಆಡಬೇಕು, ಅದಕ್ಕೇ ಬಂದೆ ಅಂದಿದ್ದ.

"ಕೂತ್ಕೊಳಣ್ಣ," ಅಂದಳು ಕಲಾ. "ಇನ್ನೊಂದು ಮಾಡ್ತೀನಿ."

ಈ ಸಲ ಫೋಟೊ ಮುಟ್ಟಲಿಲ್ಲ. ಕಂಪ್ಯೂಟರಿನಲ್ಲಿ ಒಂದು ಚೌಕಟ್ಟು ಎಳೆದು, ಒಳಗೆ ಗುಡ್ಡದ ನೆತ್ತಿಯ ಗೆರೆಯೊಂದನ್ನೇ ಬರೆದಳು. ಗೆರೆಯಿಂದ ಮೇಲೆ, ಚೌಕಟ್ಟಿನೊಳಗಿನ ಮರವೆಲ್ಲ ಕತ್ತರಿಸಿಕೊಂಡು ಬೀಳಬೇಕು. ಇಳಿಜಾರು ಮುಗಿಯುವಲ್ಲಿ, ಬಲಗಡೆ, ಕಡಲೆಬೇಳೆಯಷ್ಟು ಒಂದು ಮನೆ. ಯಂತ್ರ ಗುಂಯ್‌ಗುಟ್ಟುತ್ತಿದ್ದಷ್ಟು ಹೊತ್ತೂ ಅಂಬರೀಶ್ ಕತ್ತು ಓರೆ ಮಾಡಿಕೊಂಡು ಕೇಳುತ್ತಿದ್ದ. ಅಂಚನ್ನು ಉಪ್ಪುಕಾಗದದಿಂದ ಉಜ್ಜಿ, ಕೀಲಿಕೈ ಪೋಣಿಸುವ ರಿಂಗು ಸಿಕ್ಕಿಸಿ, ಅವಳು ಅದನ್ನು ಅವನ ಅಂಗೈಯಲ್ಲಿಟ್ಟಳು.

ಅವನ ಬೆರಳು ಎಡಗಡೆಯಿಂದ ಹತ್ತತೊಡಗಿತು. ನಡುವೆ ನಿಂತಿತು.

"ಮೇಲೆ ಮಟ್ಟವಾಗೈತಲ್ಲ?"

ಹೌದು, ನಿಜವಾದ ಗುಡ್ಡವೂ ಹಾಗೇ, ಮೇಲೆ ಮಟ್ಟ ಎಂದಳು ಕಲಾ. ಇಷ್ಟು ವರ್ಷ ಚೂಪಗಿರುತ್ತದೆ ಅಂದುಕೊಂಡಿದ್ದೆ ಎಂದ ಅವನು. ಬೆರಳು ಇಳಿಜಾರು ಹಿಡಿದು ಇಳಿಯಿತು, ಮನೆಯನ್ನು ಕಂಡುಕೊಂಡಿತು. ಉಗುರಿನ ತುದಿಯಿಂದ ಅದರ ಸುತ್ತ ಬಂದ. "ನಾವು ಇಷ್ಟೇನಾ," ಎಂದು ತನಗೆ ತಾನೇ ಅಂದುಕೊಂಡ. ಆಮೇಲೆ ಆ ಬೆರಳು ಚೌಕಟ್ಟಿನೊಳಗೆ, ಮರವಿಲ್ಲದ ಕಡೆಗೆ ಜಾರಿ ಆಚೆ ಬಂತು.

"ಇದೇನಕ್ಕ, ಇಲ್ಲೇನೂ ಇಲ್ಲ?"

"ಅದು ಆಕಾಶ ಅಣ್ಣ."

ಆಕಾಶ ಅವನಿಗೆ ಗೊತ್ತಿತ್ತು. ಅದು ತಲೆಯ ಮೇಲೆ, ಬಲು ದೂರದಲ್ಲಿ, ಗುಡುಗು ಕೇಳುವ ಕಡೆ ಇರುವಂಥದ್ದು. ಕೈಯೆತ್ತಿದರೂ ಸಿಗದ್ದು. ಈಗ ಅವನ ಬೆರಳು ಆ ಖಾಲಿ ಜಾಗದ ಅಂಚು ಹಿಡಿದು ಕೆಳಗಿಳಿಯಿತು. ಗುಡ್ಡದ ನೆತ್ತಿಯನ್ನು ದಾಟಿತು, ಇಳಿಜಾರನ್ನು ಉದ್ದಕ್ಕೂ ಸವರಿತು, ಮನೆಯ ಸೂರಿಗೆ ತಾಗಿ ನಿಂತಿತು. ಮತ್ತೆ ಮೇಲೆ ಹೋಗಿ ಮತ್ತೆ ಅಲ್ಲಿಗೇ ಬಂತು.

"ನಮ್ಮನೆ ಸೂರಿನ ಗಂಟ ಬತ್ತದಾ ಆಕಾಶ?" ಅವನ ದನಿ ತಗ್ಗಿತ್ತು. "ಯಾರೂ ಏಳ್ಲೇ ಇಲ್ವಲ್ಲಕ್ಕ."

ಕಲಾ ಬಾಗಿಲ ಕಡೆ ತಿರುಗಿ ನೋಡಿದಳು. ಹೊರಗೆ, ನಿಂತ ಆಟೋಗಳ ಸಂದಿಯಲ್ಲಿ, ಆಕಾಶ ರಸ್ತೆಯವರೆಗೂ ಇಳಿದು ಬಂದಿತ್ತು.